ಟ್ಯಾಲಹಾಚಿ ನದಿ ದಡದ ಬೋರ್ಡು: ಅಮೆರಿಕದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಬಂಧುಗಳಿಗೆ, ಊರೂರಿನ ಕನ್ನಡ ಕೂಟಗಳನ್ನು ನಡೆಸುತ್ತಿರುವ ಅಣ್ಣಂದಿರಿಗೆ, ಅಕ್ಕಂದಿರಿಗೆ,

ನಮಸ್ಕಾರ.

ನಾನು ಮೆಂಫಿಸ್‌ನಲ್ಲಿ ಇರುವವಳು. ಮೂಲ ಗದಗ ಸೀಮೆ. ಈ ಪತ್ರದಲ್ಲಿ ನಿಮ್ಮಿಂದ ಕೇಳುತ್ತಿರುವುದು ದೊಡ್ಡದೇನಲ್ಲ. ಮುಂದಿನ ಸಲ ಮೆಂಫಿಸ್‌ನಿಂದ ನ್ಯೂ ಆರ್ಲಿಯನ್ಸ್ ಕಡೆಗೆ ಹೊರಟಾಗ ದೊಡ್ಡ ಹೈವೇ ಬಿಟ್ಟು ಮಿಸ್ಸಿಸಿಪ್ಪಿ ಡೆಲ್ಟಾದ ಒಳದಾರಿ ಹಿಡಿಯಿರಿ. ದಾರಿಯಲ್ಲಿ ಟ್ಯಾಲಹಾಚಿ ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ, ಸಿಗುತ್ತದೆ. ಅಲ್ಲಿ ರಸ್ತೆ ಬದಿಗೆ, ಕೋರ್ಟಿನ ಮುಂದೆ, ನದಿ ದಡದಲ್ಲಿ ಕೆಲವು ಬೋರ್ಡುಗಳಿವೆ. 1955ರಲ್ಲಿ ಬಿಳಿಯರ ಕೈಯಲ್ಲಿ ಕೊಲೆಯಾದ ಎಮೆಟ್ ಟಿಲ್ ಎಂಬ ಕಪ್ಪು ಹುಡುಗನ ಕತೆ ಹೇಳುವ ಬೋರ್ಡುಗಳು. ಕಾರು ನಿಲ್ಲಿಸಿ, ಇಳಿದು, ಅವನ್ನು ಪೂರ್ತಿ ಓದಿ. ಮಕ್ಕಳಿಗೂ ಓದಿಸಿ.

ಇದನ್ನು ಪತ್ರ ಬರೆದು ಹೇಳಬೇಕಾಗಿ ಬಂದದ್ದಕ್ಕೆ ಕಾರಣ ಇದೆ. ಸ್ವಲ್ಪ ದಿನದ ಹಿಂದೆ ನಮ್ಮ ಕಡೆಯ ಕೆಲವು ಕುಟುಂಬಗಳು ಸೇರಿ ಪಿಕ್ನಿಕ್‌ಗೆ ಜಾಗ ಹುಡುಕುತ್ತಿದ್ದೆವು. ನಾನು ಈ ಕೌಂಟಿಯ ಹೆಸರು ಹೇಳಿದೆ. ಒಬ್ಬರು, ಒಳ್ಳೆಯ ಮನುಷ್ಯರೇ, "ಮಕ್ಕಳನ್ನು ಕರಕೊಂಡು ಹೋಗಿ ಸಾವಿನ ಕತೆ ಹೇಳೋದಾ? ಅದು ಅವರವರ ಹಳೇ ಜಗಳ, ನಮಗೆ ಯಾಕೆ" ಅಂದರು. ಉಳಿದವರು ಸುಮ್ಮನಿದ್ದರು. ನನಗೂ ಆವತ್ತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಮನೆಗೆ ಬಂದ ಮೇಲೆ ಎರಡು ರಾತ್ರಿ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಹಾಗಾಗಿ ಬರೆಯುತ್ತಿದ್ದೇನೆ.

ಹೋದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಅಪ್ಪ, ಅವ್ವ ಇಲ್ಲಿಗೆ ಬಂದಿದ್ದರು. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಹತ್ತಿ ಹೊಲವೂ ಇತ್ತು. ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅವರನ್ನು ಕರೆದುಕೊಂಡು ಕ್ಲಾರ್ಕ್ಸ್‌ಡೇಲ್ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು. ಗುಡ್ಡ ಇಲ್ಲ, ದಿಬ್ಬ ಇಲ್ಲ, ಕಣ್ಣು ಹಾಯುವಷ್ಟು ದೂರ ಒಂದೇ ಸಮ. ಅಪ್ಪ ಕಾರು ನಿಲ್ಲಿಸಲು ಹೇಳಿದರು. ಹೊಲದ ಅಂಚಿಗೆ ಹೋಗಿ ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡಿ ನೋಡಿ, "ನಮ್ಮ ಎರಿ ಹೊಲದಂಗ ಐತಿ ನೋಡವ್ವಾ" ಅಂದರು.

ಆಮೇಲೆ ಅವರೇ ಒಂದು ಮಾತು ಹೇಳಿದರು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ತರಿಸಿ ನಮ್ಮ ಧಾರವಾಡ ಸೀಮೆಯಲ್ಲಿ ಬಿತ್ತಿಸಿದರು. ಅದು ನಮ್ಮ ಮಣ್ಣಿಗೆ ಹೊಂದಿಕೊಂಡಿತು, 'ಧಾರವಾಡ ಅಮೆರಿಕನ್' ಅಂತ ಪೇಟೆಯಲ್ಲಿ ಹೆಸರಾಯಿತು. 1861ರಿಂದ 1865ರವರೆಗೆ ಇಲ್ಲಿ ಅಂತರ್ಯುದ್ಧ ನಡೆದು ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ನಮ್ಮ ಕಡೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಅಂದರೆ ಇಲ್ಲಿ ಗುಲಾಮರಾಗಿ ದುಡಿದವರ ಕೈಯಲ್ಲಿ ಬೆಳೆಯುತ್ತಿದ್ದ ಬೆಳೆಗೂ ನಮ್ಮ ಅಜ್ಜ ಮುತ್ತಜ್ಜಂದಿರ ಹೊಲಕ್ಕೂ ಆಗಲೇ ಒಂದು ದಾರ ಇತ್ತು. ನಾನು ಇಷ್ಟು ವರ್ಷ ಮೆಂಫಿಸ್‌ನಲ್ಲಿದ್ದೂ ಅದನ್ನು ಯೋಚಿಸಿರಲಿಲ್ಲ.

ಮೊದಲು ಹೋದದ್ದು ಸಮ್ನರ್ ಎಂಬ ಊರಿಗೆ. ಟ್ಯಾಲಹಾಚಿ ಕೌಂಟಿಗೆ ಎರಡು ಕಡೆ ಕೋರ್ಟು, ಒಂದು ಚಾರ್ಲ್ಸ್‌ಟನ್‌ನಲ್ಲಿ, ಇನ್ನೊಂದು ಸಮ್ನರ್‌ನಲ್ಲಿ. ಸಮ್ನರ್‌ನಲ್ಲಿ ಇರುವವರು ಕೆಲವು ನೂರು ಜನ ಅಷ್ಟೇ. ಊರ ನಡುವೆ ಚೌಕ, ಚೌಕದ ನಡುವೆ ಇಟ್ಟಿಗೆಯ ಕೋರ್ಟು ಕಟ್ಟಡ. ಅದರ ಅಂಗಳದಲ್ಲಿ ಎರಡು ನೆನಪಿನ ಗುರುತುಗಳಿವೆ. ಒಂದು, 1913ರಲ್ಲಿ ನಿಲ್ಲಿಸಿದ ಕಾನ್ಫೆಡರೇಟ್ ಸೈನಿಕರ ಸ್ಮಾರಕ. ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ರಾಜ್ಯಗಳ ಪರವಾಗಿ ಕಾದಿದವರಿಗೆ. 'ನಮ್ಮ ವೀರರು' ಅಂತ ಕೆತ್ತಿದ್ದಾರೆ. ಇನ್ನೊಂದು, 2007ರಲ್ಲಿ ನೆಟ್ಟ ಬೋರ್ಡು. ಎಮೆಟ್ ಟಿಲ್ ಎಂಬ ಹುಡುಗನ ಕೊಲೆಯ ವಿಚಾರಣೆ ಈ ಕಟ್ಟಡದಲ್ಲಿ ನಡೆಯಿತು ಅಂತ ಹೇಳುವುದು. ಈ ಎರಡರ ನಡುವೆ 94 ವರ್ಷ.

ಅವ್ವ ಕೇಳಿದಳು, "ಏನ್ ಬರದಾರ? ಓದಿ ಹೇಳು." ನಾನು ಅಲ್ಲೇ ನಿಂತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಬೋರ್ಡಿನಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ. ಗೊತ್ತಿರುವವರು ಮನ್ನಿಸಿ.

ಎಮೆಟ್ ಟಿಲ್ ಶಿಕಾಗೋದ ಕಪ್ಪು ಹುಡುಗ. 14 ವರ್ಷ. 1955ರ ಆಗಸ್ಟಿನಲ್ಲಿ ರಜೆಗೆಂದು ಮಿಸ್ಸಿಸಿಪ್ಪಿಯ ನೆಂಟರ ಮನೆಗೆ ಬಂದಿದ್ದ. ನಾವೆಲ್ಲ ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗುತ್ತಿದ್ದೆವಲ್ಲ, ಹಾಗೆ. ಪಕ್ಕದ ಲಫ್ಲೋರ್ ಕೌಂಟಿಯಲ್ಲಿ ಮನಿ ಅಂತ ಒಂದು ಹಳ್ಳಿ. ಅಲ್ಲಿನ ಕಿರಾಣಿ ಅಂಗಡಿಗೆ ಅಣ್ಣತಮ್ಮಂದಿರ ಜೊತೆ ಹೋದ. ಅಂಗಡಿಯಲ್ಲಿದ್ದ ಬಿಳಿಯ ಹೆಂಗಸನ್ನು ನೋಡಿ ಸಿಳ್ಳೆ ಹಾಕಿದ ಅನ್ನುವುದು ಅವನ ಮೇಲಿನ ದೂರು. ನಾಲ್ಕು ದಿನ ಬಿಟ್ಟು, ಆಗಸ್ಟ್ 28ರ ನಡುರಾತ್ರಿ, ಆ ಹೆಂಗಸಿನ ಗಂಡ ರಾಯ್ ಬ್ರಯಂಟ್, ಅವನ ಮಲ ಅಣ್ಣ ಜೆ. ಡಬ್ಲ್ಯೂ. ಮೈಲಮ್ ಇಬ್ಬರೂ ಸೇರಿ ಆ ಮಗುವನ್ನು ಹಾಸಿಗೆಯಿಂದ ಎಬ್ಬಿಸಿ ಎಳೆದುಕೊಂಡು ಹೋದರು. ಹೊಡೆದರು. ಗುಂಡು ಹಾಕಿದರು. ಮೂರು ದಿನದ ಮೇಲೆ ಟ್ಯಾಲಹಾಚಿ ನದಿಯಲ್ಲಿ ಹೆಣ ಸಿಕ್ಕಿತು. ಮೇಲೆ ತೇಲಬಾರದು ಅಂತ ಕುತ್ತಿಗೆಗೆ ಮುಳ್ಳುತಂತಿಯಲ್ಲಿ ಹತ್ತಿ ಜಿನ್ನಿನ ಫ್ಯಾನು ಕಟ್ಟಿದ್ದರು. 75 ಪೌಂಡು, ಅಂದರೆ 34 ಕಿಲೋ.

ಜಿನ್ನಿನ ಫ್ಯಾನು ಅಂದಾಗ ಅಪ್ಪ ನನ್ನ ಮುಖ ನೋಡಿದರು. ಗದಗ, ಹುಬ್ಬಳ್ಳಿ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅರಳೆಯನ್ನು ಗಾಳಿಯಲ್ಲಿ ಎಳೆದು ಊದುವ ಕಬ್ಬಿಣದ ಚಕ್ರ. ಜಿನ್ನಿಂಗ್ ಫ್ಯಾಕ್ಟರಿಯ ಬಾಗಿಲಲ್ಲಿ ಚಿಕ್ಕಂದಿನಲ್ಲಿ ಅದರ ಸದ್ದು ಕೇಳುತ್ತಾ ನಿಂತವರು ಅವರು. "ಅದನ್ನ ಹುಡುಗನ ಕೊಳ್ಳಿಗಿ ಕಟ್ಟಿದ್ರಾ" ಅಂದರು. ಅಷ್ಟೇ. ತುಂಬ ಹೊತ್ತು ಮಾತಾಡಲಿಲ್ಲ.

ಮುಖ ಗುರುತು ಸಿಗದ ಹಾಗೆ ಆಗಿತ್ತು. ಬೆರಳಲ್ಲಿ ಅವನ ತಂದೆಯ ಉಂಗುರ ಇತ್ತು, ಅದರಿಂದ ಗೊತ್ತಾಯಿತು. ಅವನ ತಾಯಿ ಮೇಮಿ ಟಿಲ್ ಹೆಣವನ್ನು ಶಿಕಾಗೋಕ್ಕೆ ತರಿಸಿಕೊಂಡಳು. ಪೆಟ್ಟಿಗೆ ಮುಚ್ಚಬೇಡಿ ಅಂದಳು. ನನ್ನ ಮಗನಿಗೆ ಏನು ಮಾಡಿದ್ದಾರೆ ಅಂತ ಲೋಕ ನೋಡಲಿ ಅಂದಳು. ರಾಬರ್ಟ್ಸ್ ಟೆಂಪಲ್ ಎಂಬ ಚರ್ಚಿನಲ್ಲಿ ಹತ್ತಾರು ಸಾವಿರ ಜನ ಸಾಲುಗಟ್ಟಿ ನೋಡಿದರು. ಆ ಮುಖದ ಫೋಟೋ 'ಜೆಟ್' ಪತ್ರಿಕೆಯಲ್ಲಿ ಬಂತು. ಇಲ್ಲಿಗೆ ಬರುವ ಹೊತ್ತಿಗೆ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಆ ತಾಯಿ ಹೆಸರು ಎಲ್ಲ್ಯರ ಬರದಾರೇನು?" ಅಂತ ಕೇಳಿದಳು. ಬರೆದಿದ್ದಾರೆ ಅವ್ವಾ, ಈಗ ಇದು ರಾಷ್ಟ್ರೀಯ ಸ್ಮಾರಕ, ಅದರ ಹೆಸರಿನಲ್ಲೇ ಮಗನ ಜೊತೆ ತಾಯಿಯೂ ಇದ್ದಾಳೆ ಅಂದೆ.

ಕೊಲೆ ಮಾಡಿದ ಇಬ್ಬರ ವಿಚಾರಣೆ 1955ರ ಸೆಪ್ಟೆಂಬರಿನಲ್ಲಿ ಈ ಸಮ್ನರ್ ಕೋರ್ಟಿನಲ್ಲೇ ನಡೆಯಿತು. ಐದೇ ದಿನ. ಜ್ಯೂರಿ, ಅಂದರೆ ಕೇಸು ಕೇಳಿ ತೀರ್ಪು ಹೇಳಲು ಜನರಲ್ಲೇ ಆರಿಸಿದ ಮಂಡಳಿ, ಅದರ 12 ಜನರೂ ಬಿಳಿಯ ಗಂಡಸರು. ಯಾಕೆ ಅಂದರೆ ಜ್ಯೂರಿಗೆ ಹೆಸರು ಬರುತ್ತಿದ್ದದ್ದು ಮತದಾರರ ಪಟ್ಟಿಯಿಂದ. ಕೌಂಟಿಯ ಅರ್ಧಕ್ಕಿಂತ ಜಾಸ್ತಿ ಜನ ಕಪ್ಪು ಜನರೇ ಆಗಿದ್ದರೂ ಆ ಪಟ್ಟಿಯಲ್ಲಿ ಅವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಹೆಂಗಸರನ್ನಂತೂ ಮಿಸ್ಸಿಸಿಪ್ಪಿಯಲ್ಲಿ 1968ರವರೆಗೆ ಜ್ಯೂರಿಗೆ ಸೇರಿಸುತ್ತಲೇ ಇರಲಿಲ್ಲ. ಹುಡುಗನನ್ನು ಕರೆದೊಯ್ದದ್ದು ಮೋಸ್ ರೈಟ್ ಎಂಬ ಹಿರಿಯರ ಮನೆಯಿಂದ. 64 ವರ್ಷದವರು, ಪಾಲಿಗೆ ಹೊಲ ಮಾಡುತ್ತಿದ್ದವರು. ಅವರು ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು ಆ ಇಬ್ಬರು ಬಿಳಿಯರ ಕಡೆ ಬೆರಳು ತೋರಿಸಿ, ಇವರೇ ಅಂತ ಹೇಳಿದರು. ಆ ಕಾಲದಲ್ಲಿ, ಆ ಊರಲ್ಲಿ ಅದು ಎಂಥ ಧೈರ್ಯ ಅಂತ ಯೋಚಿಸಿ. ಸಾಕ್ಷಿ ಹೇಳಿದ ಮೇಲೆ ಅವರು ಹೊಲ, ಮನೆ ಬಿಟ್ಟು ಮಿಸ್ಸಿಸಿಪ್ಪಿಯಿಂದಲೇ ಹೊರಟುಹೋಗಬೇಕಾಯಿತು. ಜ್ಯೂರಿ ಒಳಗೆ ಹೋಗಿ 67 ನಿಮಿಷಕ್ಕೆ ಹೊರಗೆ ಬಂದು ಇಬ್ಬರನ್ನೂ ಬಿಟ್ಟಿತು. ಮುಂದಿನ ಜನವರಿಯಲ್ಲಿ ಅದೇ ಇಬ್ಬರು 'ಲುಕ್' ಪತ್ರಿಕೆಯಿಂದ ಹಣ ತೆಗೆದುಕೊಂಡು, ಹೌದು ನಾವೇ ಕೊಂದೆವು ಅಂತ ಹೇಳಿಕೊಂಡರು. ಒಮ್ಮೆ ಬಿಡುಗಡೆ ಆದವರನ್ನು ಅದೇ ಕೊಲೆಗೆ ಮತ್ತೆ ವಿಚಾರಣೆ ಮಾಡುವ ಹಾಗಿಲ್ಲ. ಇಬ್ಬರೂ ಆ ಕೊಲೆಗೆ ಶಿಕ್ಷೆ ಆಗದೆಯೇ ಸತ್ತರು.

ಆ ದಿನಗಳಲ್ಲಿ ಸಮ್ನರ್ ಊರಿನ ಬಾಗಿಲಲ್ಲಿ ಒಂದು ಬೋರ್ಡು ಇತ್ತು. ಗಂಡು ಮಗುವನ್ನು ಬೆಳೆಸಲು ಒಳ್ಳೆಯ ಊರು, ಅಂತ. ವಿಚಾರಣೆಗೆ ಬಂದ ಪತ್ರಕರ್ತರು ಅದನ್ನು ನೋಡಿ ಬರೆದರು. ಆಮೇಲೆ ಊರು ಐವತ್ತು ವರ್ಷ ಈ ವಿಷಯದಲ್ಲಿ ಬಾಯಿ ಕಟ್ಟಿಕೊಂಡಿತು. ಒಂದು ಫಲಕ ಇಲ್ಲ, ಒಂದು ಕಲ್ಲು ಇಲ್ಲ. ಹೊರಗಿನವರು ಬಂದು ಕೇಳಿದರೂ ತೋರಿಸಲು ಏನೂ ಇರಲಿಲ್ಲ.

ನನಗೆ ಈ ಕತೆಯಲ್ಲಿ ಹೆಚ್ಚು ಮುಖ್ಯ ಅನಿಸುವುದು ಮುಂದಿನದು. ಅದನ್ನು ಹೇಳಲಿಕ್ಕೇ ಇಷ್ಟು ಹೇಳಿದೆ. ಈ ಬೋರ್ಡುಗಳನ್ನು ಹಾಕಿಸಿದ್ದು ವಾಷಿಂಗ್ಟನ್ ಅಲ್ಲ, ದೊಡ್ಡ ಯೂನಿವರ್ಸಿಟಿ ಅಲ್ಲ. ಅದೇ ಕೌಂಟಿಯ ಜನ. ಜೆರೋಮ್ ಲಿಟ್ಲ್ ಅಂತ ಒಬ್ಬರು, ಕೌಂಟಿಯ ಆಡಳಿತ ಮಂಡಳಿಗೆ, ನಮ್ಮ ಜಿಲ್ಲಾ ಪಂಚಾಯ್ತಿ ಇದ್ದ ಹಾಗೆ ಅಂದುಕೊಳ್ಳಿ, ಅಧ್ಯಕ್ಷರಾದ ಮೊದಲ ಕಪ್ಪು ಮನುಷ್ಯ. ಅವರು ಎಮೆಟ್ ಟಿಲ್ ಹೆಸರಿನಲ್ಲಿ ಒಂದು ಸಮಿತಿ ಕಟ್ಟಿದರು. ಅದರಲ್ಲಿ ಅರ್ಧ ಕಪ್ಪು ಜನ, ಅರ್ಧ ಬಿಳಿಯರು. ಒಂದೇ ಊರಲ್ಲಿ ಹುಟ್ಟಿ ಬೆಳೆದರೂ ಈ ವಿಷಯವನ್ನು ಒಟ್ಟಿಗೆ ಕೂತು ಎಂದೂ ಮಾತಾಡದವರು. 2007ರ ಅಕ್ಟೋಬರ್ 2ರಂದು ಅವರು ಕೋರ್ಟಿನ ಮುಂದೆ ಟಿಲ್ ಕುಟುಂಬದ ಎದುರು ಕ್ಷಮೆಯ ನಿರ್ಣಯ ಓದಿದರು. ನ್ಯಾಯ ಕೊಡಲಿಲ್ಲ ಅಂತ ಒಪ್ಪಿಕೊಂಡರು. ಜನಾಂಗಗಳು ಮತ್ತೆ ಒಂದಾಗುವುದು ನಿಜ ಹೇಳುವುದರಿಂದ ಶುರುವಾಗುತ್ತದೆ ಅಂತ ಅದರಲ್ಲಿ ಬರೆದಿದ್ದಾರೆ. ಮರುವರ್ಷ ಕೌಂಟಿಯ ಬೇರೆ ಬೇರೆ ಜಾಗಗಳಲ್ಲಿ ಬೋರ್ಡು ನೆಟ್ಟರು. ಬಡ ಕೌಂಟಿ ಅದು. ತನ್ನ ತಪ್ಪನ್ನು ತಾನೇ ಬರೆದು ದಾರಿಹೋಕರೆಲ್ಲ ಓದಲಿ ಅಂತ ರಸ್ತೆ ಬದಿ ನಿಲ್ಲಿಸುವ ಊರನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಸಮ್ನರ್‌ನಿಂದ ನಾವು ಗ್ಲೆಂಡೋರಾ ದಾಟಿ ಗ್ರಾಬಾಲ್ ಲ್ಯಾಂಡಿಂಗ್‌ಗೆ ಹೋದೆವು. ಹಿಂದೆ ಉಗಿ ದೋಣಿ ನಿಲ್ಲುತ್ತಿದ್ದ ಕಡವು. ಹೊಲಗಳ ನಡುವೆ ಮಣ್ಣಿನ ರಸ್ತೆ, ಕೊನೆಯಲ್ಲಿ ಮರಗಳು, ಮರಗಳಾಚೆ ಕೆಂಪು ಕಂದು ನೀರು. ಮನೆ ಇಲ್ಲ, ಅಂಗಡಿ ಇಲ್ಲ. ಹುಡುಗನ ಹೆಣ ನದಿಯಿಂದ ತೆಗೆದ ಜಾಗ ಅಂತ ಅಲ್ಲಿ ಒಂದು ಬೋರ್ಡು. ಅದು ಆ ಜಾಗದ ನಾಲ್ಕನೆಯ ಬೋರ್ಡು.

ಮೊದಲನೆಯದನ್ನು 2008ರಲ್ಲಿ ನೆಟ್ಟರು. ಯಾರೋ ಕಿತ್ತು ನದಿಗೆ ಎಸೆದರು. ಎರಡನೆಯದನ್ನು ಹಾಕಿದರು. ಅದಕ್ಕೆ ಗುಂಡು ಹೊಡೆದರು. ಒಂದಲ್ಲ, ಎರಡಲ್ಲ. ವರ್ಷಗಟ್ಟಲೆ ಬಂದವರು ಬಂದವರು ಹೊಡೆದು ಕೊನೆಗೆ ಎಣಿಸಿದಾಗ 317 ತೂತು. ಅಕ್ಷರ ಓದಲು ಆಗುತ್ತಿರಲಿಲ್ಲ. ಆ ಬೋರ್ಡನ್ನು 2021ರಲ್ಲಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಅಮೆರಿಕನ್ ಇತಿಹಾಸದ ಮ್ಯೂಸಿಯಂನಲ್ಲಿ ಜನ ನೋಡಲಿ ಅಂತ ಇಟ್ಟರು. ಮೂರನೆಯದನ್ನು 2018ರ ಜೂನ್‌ನಲ್ಲಿ ನಿಲ್ಲಿಸಿದರು, 35 ದಿನಕ್ಕೆ ಗುಂಡು ಬಿತ್ತು. 2019ರ ಜುಲೈನಲ್ಲಿ ಒಂದು ಫೋಟೋ ಹೊರಗೆ ಬಂತು. ಮಿಸ್ಸಿಸಿಪ್ಪಿ ಯೂನಿವರ್ಸಿಟಿಯ ಮೂವರು ಹುಡುಗರು ಬಂದೂಕುಗಳ ಸಮೇತ ಆ ತೂತುಬಿದ್ದ ಬೋರ್ಡಿನ ಮುಂದೆ ನಗುತ್ತಾ ನಿಂತದ್ದು. ನನಗೆ ಆ ಫೋಟೋ ನೋಡಿದರೆ ಈಗಲೂ ಹೊಟ್ಟೆ ತೊಳಸುತ್ತದೆ. ಆ ಮಕ್ಕಳು ಓದಿದವರು. ಬೋರ್ಡಿನಲ್ಲಿ ಏನಿದೆ ಅಂತ ಓದಲು ಬರುತ್ತಿತ್ತು ಅವರಿಗೆ.

2019ರ ಅಕ್ಟೋಬರ್ 19ರಂದು ನಾಲ್ಕನೆಯ ಬೋರ್ಡು ನಿಂತಿತು. 500 ಪೌಂಡಿಗೂ ಜಾಸ್ತಿ ತೂಕ. ಅರ್ಧ ಇಂಚಿನ ಗಟ್ಟಿ ಉಕ್ಕು, ಮೇಲೆ ಗುಂಡು ತಡೆಯುವ ಹೊದಿಕೆ. ಕ್ಯಾಮೆರಾ ಹಾಕಿದರು. ಹದಿನೈದು ದಿನದಲ್ಲಿ ಬಿಳಿಯರೇ ಮೇಲು ಅನ್ನುವ ಒಂದು ಗುಂಪು ಬಾವುಟ ಹಿಡಿದು ಅಲ್ಲಿಗೆ ಬಂದು ವಿಡಿಯೋ ಮಾಡಿಕೊಳ್ಳುತ್ತಿತ್ತು, ಅಲಾರಂ ಕೂಗಿತು, ಓಡಿದರು.

ಅಪ್ಪ ಆ ಉಕ್ಕಿನ ಮೇಲೆ ಕೈ ಇಟ್ಟು ಸವರಿ ನೋಡಿದರು. ಅವರಿಗೆ ಶಾಸನ ಅಂದರೆ ಜೀವ. ಲಕ್ಕುಂಡಿ, ಡಂಬಳ ಅಂತ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಕಲ್ಲು ಓದಿಸುತ್ತಿದ್ದ ಮಾಸ್ತರು. ಅವರು ಹೇಳಿದರು: ನಮ್ಮ ಹಳೇ ಶಾಸನಗಳ ಕೊನೆಗೆ ಒಂದು ಶಾಪ ಇರುತ್ತದೆ. ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಬರಲಿ ಅಂತ. ಸಾವಿರ ವರ್ಷದ ಹಿಂದೆ ಕಲ್ಲು ಬರೆಸಿದವರಿಗೂ ಗೊತ್ತಿತ್ತು, ಬರೆದದ್ದನ್ನು ಅಳಿಸಲು ಯಾರಾದರೂ ಬಂದೇ ಬರುತ್ತಾರೆ. "ಅವ್ರು ಶಾಪ ಬರದ್ರು, ಇವ್ರು ಉಕ್ಕು ಹಾಕ್ಯಾರ" ಅಂದರು. ಅವ್ವ ದಡದಲ್ಲಿ ಒಂದು ಕಾಡುಹೂವು ಕಿತ್ತು ಬೋರ್ಡಿನ ಬುಡಕ್ಕೆ ಇಟ್ಟಳು. ಅಲ್ಲಿ ಆಗಲೇ ಯಾರೋ ಇಟ್ಟ ಹೂಗಳಿದ್ದವು.

ಉಳಿದ ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಸಮ್ನರ್ ಮೂಲಕ ಗ್ರೀನ್‌ವುಡ್ ಕಡೆಗೆ ಹೋಗುವ 49ಈ ರಸ್ತೆಗೆ 2005ರಲ್ಲಿ ಎಮೆಟ್ ಟಿಲ್ ಹೆಸರಿಟ್ಟರು. ಮರುವರ್ಷವೇ ಆ ಬೋರ್ಡಿನ ಮೇಲೆ ಬಣ್ಣದಲ್ಲಿ ಕೆಕೆಕೆ ಅಂತ, ಕಪ್ಪು ಜನರನ್ನು ಹೆದರಿಸಿ ಕೊಲ್ಲುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪಿನ ಹೆಸರು, ಗೀಚಿದರು. ಗ್ರೀನ್‌ವುಡ್ ಪಟ್ಟಣದಲ್ಲಿ 2022ರಲ್ಲಿ ಆ ಹುಡುಗನ 9 ಅಡಿಯ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ, ನೋಡಬೇಕು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಮನಿ ಹಳ್ಳಿ. ಆ ಕಿರಾಣಿ ಅಂಗಡಿ ಈಗ ಪಾಳು. ಚಾವಣಿ ಬಿದ್ದಿದೆ, ಗೋಡೆಗೆ ಬಳ್ಳಿ ಹಬ್ಬಿದೆ. ಅದರ ಪಕ್ಕಕ್ಕೇ ಇರುವ ಹಳೇ ಪೆಟ್ರೋಲ್ ಬಂಕು ಹೊಸದರ ಹಾಗೆ ಹೊಳೆಯುತ್ತಿದೆ. ನಾಗರಿಕ ಹಕ್ಕುಗಳ ಇತಿಹಾಸ ಉಳಿಸಲು ಇಟ್ಟ ಸರ್ಕಾರಿ ಹಣದಲ್ಲಿ ಎರಡು ಲಕ್ಷ ಡಾಲರಿಗೂ ಜಾಸ್ತಿ ಆ ಬಂಕಿಗೆ ಹೋಯಿತು. ನಡೆದ ಘಟನೆ ಬಂಕಿನಲ್ಲಿ ಅಲ್ಲ, ಅಂಗಡಿಯಲ್ಲಿ. ಇದು ತಪ್ಪು ಅಂತಲೇ ನನ್ನ ಮಾತು. ಅಂಗಡಿಯ ಮುಂದೆ 2011ರಲ್ಲಿ ಹಾಕಿದ ಒಂದು ಬೋರ್ಡಿದೆ, 2017ರಲ್ಲಿ ಅದರ ಅಕ್ಷರಗಳನ್ನೂ ಚಿತ್ರಗಳನ್ನೂ ಯಾರೋ ಕೆರೆದು ಸುಲಿದು ಹಾಕಿದ್ದರು. ಮತ್ತೆ ಸರಿ ಮಾಡಿದ್ದಾರೆ.

ಈಗ ಆ ಪ್ರಶ್ನೆಗೆ ಬರುತ್ತೇನೆ. ನಮಗೆ ಯಾಕೆ?

ನಾವು ಈ ದೇಶಕ್ಕೆ ಬಂದದ್ದು ಹೇಗೆ ಅಂತ ಯೋಚನೆ ಮಾಡಿ. ನಮ್ಮ ಬುದ್ಧಿ, ನಮ್ಮ ಓದು, ನಮ್ಮ ಕಷ್ಟ, ಎಲ್ಲ ಸರಿ. ಆದರೆ 1946ರ ಕಾನೂನಿನಲ್ಲಿ ಇಡೀ ಭಾರತಕ್ಕೆ ಇದ್ದ ಪಾಲು ವರ್ಷಕ್ಕೆ 100 ಜನ. ಎಷ್ಟು ಓದಿದ್ದರೂ 100. ಅದಕ್ಕೂ ಮೊದಲು ಅಷ್ಟೂ ಇರಲಿಲ್ಲ. ಆ ಬಾಗಿಲು ತೆರೆದದ್ದು 1965ರ ಅಕ್ಟೋಬರಿನಲ್ಲಿ ಸಹಿಯಾದ ವಲಸೆ ಕಾನೂನು. ಅದು ಆಕಾಶದಿಂದ ಬೀಳಲಿಲ್ಲ. 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು, 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು, ಅದಾಗಿ ಎರಡೇ ತಿಂಗಳಿಗೆ ನಮ್ಮದು. ಬಣ್ಣ ನೋಡಿ, ಹುಟ್ಟಿದ ದೇಶ ನೋಡಿ ಜನರನ್ನು ತೂಗುವುದು ತಪ್ಪು ಅಂತ ಈ ದೇಶ ಒಪ್ಪಿಕೊಳ್ಳುವ ಹಾಗೆ ಮಾಡಿದವರು ಕಪ್ಪು ಜನ. ಲಾಠಿ ತಿಂದು, ನಾಯಿ ಕಚ್ಚಿಸಿಕೊಂಡು, ಜೈಲು ಸೇರಿ, ಸತ್ತು. ಆ ಹೋರಾಟಕ್ಕೆ ಬೆಂಕಿ ಹತ್ತಿದ್ದರಲ್ಲಿ ಈ ಹುಡುಗನ ಸಾವು ಇದೆ. 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್, ತನ್ನ ಮನಸ್ಸಿನಲ್ಲಿ ಎಮೆಟ್ ಟಿಲ್ ಇದ್ದ ಅಂತ ಹೇಳಿದ್ದಾರೆ. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್‌ನಲ್ಲಿ ತಮ್ಮ ಕನಸಿನ ಮಾತು ಆಡಿದ್ದು 1963ರ ಆಗಸ್ಟ್ 28ರಂದು, ಆ ಹುಡುಗ ಸತ್ತ ದಿನಕ್ಕೆ ಸರಿಯಾಗಿ ಎಂಟು ವರ್ಷಕ್ಕೆ.

ಹಾಗಾಗಿ ಅಣ್ಣ, ಅದು ಅವರ ಹಳೇ ಜಗಳ ಅಲ್ಲ. ನಮ್ಮ ವೀಸಾ, ನಮ್ಮ ಮನೆ, ನಮ್ಮ ಮಕ್ಕಳ ಶಾಲೆ, ಎಲ್ಲದರ ಹಿಂದೆ ಆ ತಾಯಿ ತೆರೆದಿಟ್ಟ ಪೆಟ್ಟಿಗೆ ಇದೆ. ಆವತ್ತು ನಿಮಗೆ ಹೇಳಲು ಆಗದ್ದು ಇದು. ಮಕ್ಕಳಿಗೆ ಸಾವಿನ ಕತೆ ಯಾಕೆ ಅಂದಿರಲ್ಲ, ನಾವು ಅಭಿಮನ್ಯುವಿನ ಕತೆ ಹೇಳುವುದಿಲ್ಲವೇ? ಊರ ಬಾಗಿಲ ವೀರಗಲ್ಲು ತೋರಿಸಿ ಇವನು ಹೀಗೆ ಸತ್ತ ಅಂತ ಹೇಳುವುದಿಲ್ಲವೇ? ಮಕ್ಕಳು ತಡೆದುಕೊಳ್ಳುತ್ತಾರೆ. ನನ್ನ ಮಗಳಿಗೆ 11 ವರ್ಷ. ವಾಪಸು ಬರುವಾಗ ಕಾರಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ: ಬೋರ್ಡಿಗೆ ಗುಂಡು ಹೊಡೆದವರನ್ನು ಯಾರೂ ಹಿಡಿಯಲಿಲ್ಲವಾ?

ಇನ್ನೊಂದು ವಿಷಯ ಇದೆ, ಈ ಪತ್ರ ಈಗಲೇ ಬರೆಯಲು ಅದೂ ಕಾರಣ. 2023ರ ಜುಲೈ 25ರಂದು, ಆ ಹುಡುಗ ಬದುಕಿದ್ದರೆ 82 ತುಂಬುತ್ತಿದ್ದ ದಿನ, ಅಧ್ಯಕ್ಷ ಬೈಡನ್ ಗ್ರಾಬಾಲ್ ಲ್ಯಾಂಡಿಂಗ್, ಸಮ್ನರ್ ಕೋರ್ಟು, ಶಿಕಾಗೋದ ಆ ಚರ್ಚು ಮೂರನ್ನೂ ಸೇರಿಸಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ಈಗ ಅದು ನ್ಯಾಷನಲ್ ಪಾರ್ಕ್ ಸರ್ವೀಸ್ ಕೈಯಲ್ಲಿದೆ. 2025ರ ಮಾರ್ಚಿನಲ್ಲಿ ಅಧ್ಯಕ್ಷ ಟ್ರಂಪ್ ಇತಿಹಾಸದ ಫಲಕಗಳ ಬಗ್ಗೆ ಒಂದು ಆದೇಶ ಹೊರಡಿಸಿದರು. ಅದರ ಹಿಂದೆಯೇ ಪಾರ್ಕ್ ಸರ್ವೀಸಿನ ಜಾಗಗಳಲ್ಲೆಲ್ಲ ಕ್ಯೂಆರ್ ಕೋಡ್ ಇರುವ ಸೂಚನೆ ಹಾಕಬೇಕು ಅಂತಾಯಿತು. ಅಮೆರಿಕನ್ನರ ಬಗ್ಗೆ ಕೆಟ್ಟದಾಗಿ ಹೇಳುವ ಬರಹ ಇಲ್ಲಿ ಕಂಡರೆ ನಮಗೆ ತಿಳಿಸಿ, ಅಂತ ಬಂದವರನ್ನು ಕೇಳುವ ಸೂಚನೆ. 14 ವರ್ಷದ ಮಗುವನ್ನು ಕೊಂದದ್ದನ್ನು, ಕೊಂದವರನ್ನು 67 ನಿಮಿಷದಲ್ಲಿ ಬಿಟ್ಟದ್ದನ್ನು ಒಳ್ಳೆಯದಾಗಿ ಬರೆಯುವುದು ಹೇಗೆ? ಬಂದೂಕಿಗೆ ಉಕ್ಕು ಅಡ್ಡ ನಿಲ್ಲುತ್ತದೆ. ಒಂದು ಸಾಲನ್ನು ಸದ್ದಿಲ್ಲದೆ ತೆಗೆದುಹಾಕುವುದಕ್ಕೆ ಅಡ್ಡ ನಿಲ್ಲಬೇಕಾದವರು ಓದುವವರು.

ಅದಕ್ಕೇ ಕೇಳುತ್ತಿದ್ದೇನೆ. ಯಾವುದೇ ರಾಷ್ಟ್ರೀಯ ಉದ್ಯಾನದಲ್ಲಿ, ಸ್ಮಾರಕದಲ್ಲಿ ಆ ಕೋಡ್ ಕಂಡರೆ ಫೋನ್ ತೆಗೆದು ಅದರಲ್ಲೇ ಬರೆಯಿರಿ. ನಾನು ಓದಿದೆ, ನನ್ನ ಮಕ್ಕಳಿಗೂ ಓದಿಸಿದೆ, ಒಂದು ಅಕ್ಷರವನ್ನೂ ತೆಗೆಯಬೇಡಿ ಅಂತ. ಎರಡು ನಿಮಿಷದ ಕೆಲಸ. ಕೂಟ ನಡೆಸುವವರೇ, ಯುಗಾದಿ, ರಾಜ್ಯೋತ್ಸವ ಚೆನ್ನಾಗಿ ಮಾಡುತ್ತೀರಿ, ಅದರಲ್ಲಿ ಒಂದು ಮಾತೂ ಕಮ್ಮಿ ಇಲ್ಲ. ವರ್ಷಕ್ಕೆ ಒಂದು ಸಲ ಮಕ್ಕಳ ಬಸ್ಸು ಇಂಥ ಕಡೆಗೂ ಹೊರಡಲಿ. ಅಟ್ಲಾಂಟಾ, ನ್ಯಾಶ್‌ವಿಲ್, ಬರ್ಮಿಂಗ್‌ಹ್ಯಾಮ್‌ನವರಿಗೆ ಇದು ದೂರ ಅಲ್ಲ. ಬೇರೆ ರಾಜ್ಯದಲ್ಲಿರುವವರು ನಿಮ್ಮ ಸುತ್ತಲಿನ ಕೌಂಟಿಗಳ ಕೋರ್ಟಿನ ಅಂಗಳಕ್ಕೆ ಒಮ್ಮೆ ಹೋಗಿ, ಯಾರ ಹೆಸರು ಕೆತ್ತಿದ್ದಾರೆ, ಯಾವ ವರ್ಷ ಕೆತ್ತಿದ್ದಾರೆ ನೋಡಿ. ಊರಿಂದ ಅಪ್ಪ ಅಮ್ಮ ಬಂದಾಗ ನಯಾಗರ ಜೊತೆಗೆ ಇದನ್ನೂ ತೋರಿಸಿ. ಇಂಗ್ಲಿಷ್ ಬಾರದವರಿಗೆ ಕನ್ನಡದಲ್ಲಿ ಓದಿ ಹೇಳಿ. ನಾನು ಆವತ್ತು ಅವ್ವನಿಗೆ ಹೇಳಿದ್ದನ್ನೆಲ್ಲ ಎರಡು ಪುಟ ಬರೆದು ಇಟ್ಟುಕೊಂಡಿದ್ದೇನೆ. ಬೇಕಾದ ಕೂಟಕ್ಕೆ ಕಳಿಸುತ್ತೇನೆ, ಅಚ್ಚು ಹಾಕಿಸಿ ಹಂಚಿ, ನನ್ನ ಹೆಸರು ಬೇಡ.

ಹೋಗುವವರಿಗೆ ಕೆಲವು ಮಾತು. ಮೆಂಫಿಸ್‌ನಿಂದ ಎರಡು ಗಂಟೆಯೊಳಗೆ ಸಮ್ನರ್. 61ನೇ ಹೈವೇಯಲ್ಲಿ ಕ್ಲಾರ್ಕ್ಸ್‌ಡೇಲ್, ಅಲ್ಲಿಂದ 49ರಲ್ಲಿ ಟಟ್‌ವೈಲರ್, ಆಮೇಲೆ 49ಈ. ಕೋರ್ಟಿನ ಎದುರಿಗೇ ಎಮೆಟ್ ಟಿಲ್ ಇಂಟರ್‌ಪ್ರಿಟಿವ್ ಸೆಂಟರ್ ಇದೆ, ಮೊದಲು ಅಲ್ಲಿಗೆ ಹೋಗಿ. ಬರುವ ಮುಂಚೆ ಫೋನ್ ಮಾಡಿ ಕೇಳುವುದು ಒಳ್ಳೆಯದು, ಯಾಕೆಂದರೆ ಕೋರ್ಟಿನ ಮೇಲಿನ ಹಾಲು 1955ರಲ್ಲಿ ಇದ್ದ ಹಾಗೆಯೇ ಮರದ ಕುರ್ಚಿಗಳ ಸಮೇತ ಇದ್ದರೂ ಅಲ್ಲಿ ಈಗಲೂ ಕೇಸು ನಡೆಯುತ್ತವೆ. ಊಟ, ನೀರು ಜೊತೆಗಿರಲಿ, ದಾರಿಯಲ್ಲಿ ಜಾಸ್ತಿ ಅಂಗಡಿ ಸಿಗುವುದಿಲ್ಲ. ಮಳೆಯಾದ ಮರುದಿನ ಗ್ರಾಬಾಲ್ ಲ್ಯಾಂಡಿಂಗ್‌ಗೆ ಹೋಗಬೇಡಿ. ಅದು ಎರೆ ಮಣ್ಣಿನ ದಾರಿ, ಚಕ್ರ ಹೂತುಕೊಳ್ಳುತ್ತದೆ. ಎರಡು ದಿನ ಬಿಸಿಲು ಬಿದ್ದ ಮೇಲೆ ಹೋಗಿ.

ಇಂತಿ,
ಗದಗ ಸೀಮೆಯ ಒಬ್ಬ ಹೆಣ್ಣುಮಗಳು, ಮೆಂಫಿಸ್‌ನಿಂದ